ಶುಕ್ರವಾರ ಸಂಜೆ ಹತ್ತಿ ಸೋಮವಾರ ಬೆಳಿಗ್ಗೆ ಇಳಿದೆವು: ಕಡಿಮೆ ದುಡ್ಡಿನ ಹಾಸನ ಟ್ರಿಪ್

ಮೊದಲೇ ಹೇಳಿಬಿಡುತ್ತೇನೆ, ನಾನು ಹಾಸನದವಳು. ಹುಟ್ಟಿದ್ದು, ಓದಿದ್ದು ಎಲ್ಲ ಅಲ್ಲೇ. ಊರಿನ ಬಗ್ಗೆ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತೆ, ಅಷ್ಟನ್ನು ಕಳೆದು ಓದಿಕೊಳ್ಳಿ. ಆದರೆ ಈ ಸಲ ಹೋದದ್ದು ಊರಿನವಳಾಗಿ ಅಲ್ಲ. ಅಮ್ಮ ಈಗ ಬೆಂಗಳೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ, ಹಾಸನದ ಬಾಡಿಗೆ ಮನೆ ಖಾಲಿ ಮಾಡಿ ಎರಡು ವರ್ಷವಾಯಿತು. ಹುಟ್ಟಿದ ಊರಿನಲ್ಲಿ ಲಾಡ್ಜ್ ಹುಡುಕಿದ್ದು ಇದೇ ಮೊದಲು. ಜೊತೆಗೆ ನಾದಿನಿ. ಅವಳು ಧಾರವಾಡದವಳು, ಬೇಲೂರನ್ನು ಶಾಲೆಯ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ನಮ್ಮಿಬ್ಬರಿಗೂ ಕಾರು ಓಡಿಸೋಕೆ ಬರಲ್ಲ, ಜಾಸ್ತಿ ಖರ್ಚು ಮಾಡುವ ಸ್ಥಿತಿಯೂ ಇಲ್ಲ. ಟ್ರೇನಿನಲ್ಲಿ ಹೋಗಿ ಬಸ್ಸಿನಲ್ಲಿ ತಿರುಗೋದು ಅಂತ ತೀರ್ಮಾನವಾಯಿತು. ಮೂರು ರಾತ್ರಿ, ಎರಡು ಪೂರ್ತಿ ದಿನ. ಇಬ್ಬರಿಗೂ ಸೇರಿ ಆದ ಖರ್ಚು 6,400 ಚಿಲ್ಲರೆ.

ಬೆಂಗಳೂರಿನವರು ಹಾಸನಕ್ಕೆ ಟ್ರೇನು ಅಂದಕೂಡಲೇ ಮಾಡುವ ಲೆಕ್ಕ ಒಂದೇ. ಬೆಳಿಗ್ಗೆ ಹೋಗೋದು, ಬೇಲೂರು ಹಳೇಬೀಡು ನೋಡೋದು, ರಾತ್ರಿ ಮನೆಗೆ ಬಂದು ಮಲಗೋದು. ನನ್ನ ಆಫೀಸಿನಲ್ಲೂ ಇದನ್ನೇ ಹೇಳಿದರು. ದಯವಿಟ್ಟು ಬೇಡ. ಯಶವಂತಪುರದಿಂದ ಬೆಳಿಗ್ಗೆ ಏಳಕ್ಕೆ ಕರಾವಳಿ ಕಡೆ ಹೋಗುವ ಹಗಲು ಟ್ರೇನಿದೆ, ನಿಜ. ಅದು ಹಾಸನ ಮುಟ್ಟುವಾಗ ಹತ್ತು ಗಂಟೆ ಆಸುಪಾಸು. ಅಲ್ಲಿಂದ ಬಸ್ ಸ್ಟ್ಯಾಂಡು, ಬಸ್ಸಿಗೆ ಕಾಯೋದು, ಬೇಲೂರು ತಲುಪೋದು ಅಂತ ಲೆಕ್ಕ ಹಾಕಿದರೆ ನೆತ್ತಿ ಮೇಲೆ ಸೂರ್ಯ, ಕಾಲ ಕೆಳಗೆ ಕಾದ ಕಲ್ಲು. ಅಷ್ಟು ಹೊತ್ತಿಗೆ ಗರ್ಭಗುಡಿ ಬಾಗಿಲು ಹಾಕುವ ಸಮಯವೂ ಆಗಿರುತ್ತೆ. ಇನ್ನು ಅದೇ ಭಾನುವಾರವಾದರೆ ನಮ್ಮ ಮೆಟ್ರೋ ಶುರುವಾಗುವುದೇ ಏಳಕ್ಕೆ. ಯಶವಂತಪುರಕ್ಕೆ ಆಟೋ ಹಿಡಿದರೆ ಟ್ರೇನ್ ಟಿಕೆಟಿಗಿಂತ ಆಟೋನೇ ಜಾಸ್ತಿ.

ಇನ್ನೊಂದು ವಿಷಯ ಹಾಸನದವರಿಗೆ ಮಾತ್ರ ಗೊತ್ತು. ಯಶವಂತಪುರ–ಹಾಸನ ಇಂಟರ್‌ಸಿಟಿಯ ಸಮಯ ನಮ್ಮವರಿಗೆ ಅಂತಲೇ ಹೊಂದಿಸಿದ್ದು. ಬೆಳಿಗ್ಗೆ ಆರೂವರೆ ಹೊತ್ತಿಗೆ ಹಾಸನ ಬಿಟ್ಟರೆ ಆಫೀಸು ಬಾಗಿಲು ತೆಗೆಯೋ ಹೊತ್ತಿಗೆ ಬೆಂಗಳೂರು. ವಿಧಾನಸೌಧದಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮುಗಿಸಿ ಸಂಜೆ ಆರು ದಾಟಿದ ಮೇಲೆ ಅದೇ ಟ್ರೇನು ಹತ್ತಿದರೆ ರಾತ್ರಿ ಊಟಕ್ಕೆ ಮನೆ. ಬೆಂಗಳೂರಿಂದ ನೋಡೋಕೆ ಬರುವವರಿಗೆ ಇದು ಪೂರ್ತಿ ಉಲ್ಟಾ. ಹಾಗಾಗಿ ನಾವೂ ಉಲ್ಟಾನೇ ಹೋದೆವು. ಶುಕ್ರವಾರ ಸಂಜೆ ಊರಿಗೆ ಹೋಗುವವರ ಜೊತೆ ಹತ್ತಿ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬರುವವರ ಜೊತೆ ಇಳಿದೆವು. ಶನಿವಾರ ಭಾನುವಾರ ಪೂರ್ತಿ ನಮ್ಮದು, ಒಂದು ದಿನವೂ ರಜೆ ಹಾಕಲಿಲ್ಲ. ಈ ಟ್ರಿಪ್ಪಿನಲ್ಲಿ ನಾನು ಮಾಡಿದ ಒಂದೇ ಜಾಣತನ ಅಂದರೆ ಇದು.

ಜನರಲ್ ಟಿಕೆಟ್ ತಲೆಗೆ 100 ರೂಪಾಯಿ ಮುಟ್ಟಲಿಲ್ಲ. ಮೊಬೈಲಿನಲ್ಲೇ ತೆಗೆಯಬಹುದು, ಆದರೆ ಒಂದೆರಡು ಸೂಕ್ಷ್ಮ ಇದೆ. ಕಾಗದ ಇಲ್ಲದ ಟಿಕೆಟನ್ನು ಸ್ಟೇಷನ್ ಒಳಗೆ ನಿಂತು ತೆಗೆಯೋಕೆ ಹೋದರೆ ಆಪ್ ಒಪ್ಪಲ್ಲ, ಹಳಿಯಿಂದ ದೂರ ಇರಬೇಕು. ಒಳಗೆ ಬಂದುಬಿಟ್ಟಿದ್ದರೆ ಗೋಡೆ ಮೇಲೆ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತಗೊಳ್ಳಿ. ಹಾಗೇ, 200 ಕಿಲೋಮೀಟರ್ ಒಳಗಿನ ದಾರಿಗೆ ಜನರಲ್ ಟಿಕೆಟ್ ತೆಗೆದರೆ ಮೂರು ಗಂಟೆಯೊಳಗೆ, ಇಲ್ಲವೇ ಅಲ್ಲಿಂದ ಹೊರಡುವ ಮೊದಲ ಟ್ರೇನಿಗೆ ಹತ್ತಬೇಕು. ಹಾಸನ ಈ ಲೆಕ್ಕದೊಳಗೇ ಬರುತ್ತೆ. ಬೆಳಿಗ್ಗೆಯೇ ತೆಗೆದಿಟ್ಟು ಆರಾಮಾಗಿ ಇರೋಣ ಅಂದುಕೊಳ್ಳಬೇಡಿ. ನಾನು ಮೆಟ್ರೋ ಹತ್ತುವ ಮೊದಲು ತೆಗೆದೆ. ಯಶವಂತಪುರ ಮೆಟ್ರೋದಿಂದ ರೈಲ್ವೆ ಸ್ಟೇಷನ್ ಪಕ್ಕದಲ್ಲೇ, ಬ್ಯಾಗು ಹೊತ್ತು ನಡೆದರೂ ಕಷ್ಟವಿಲ್ಲ.

ಟಿಕೆಟ್ ದರ ನೋಡಿ ನಾದಿನಿ, "ವೈನಿ, ಇಷ್ಟ ರೊಕ್ಕದಾಗ ಹಾಸನ ಬರ್ತದೇನ್ರಿ?" ಅಂದಳು. ಬರುತ್ತೆ. ಆದರೆ ನಮ್ಮ ಕಾಲಕ್ಕೆ ಬರುತ್ತಿರಲಿಲ್ಲ. ನಾನು ಕಾಲೇಜಿಗೆ ಹೋಗುವಾಗ ಬೆಂಗಳೂರಿಗೆ ಟ್ರೇನು ಅಂದರೆ ಅರಸೀಕೆರೆ ಸುತ್ತಬೇಕಿತ್ತು, ಇಲ್ಲವೇ ಮೈಸೂರು. ಬಸ್ಸೇ ಗತಿ. ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಮೇಲೆ ಬರುವ ನೇರ ದಾರಿ ಮಂಜೂರಾದದ್ದು 1996-97ರಲ್ಲಿ, ನಮ್ಮ ಜಿಲ್ಲೆಯ ದೇವೇಗೌಡರು ಪ್ರಧಾನಿಯಾಗಿದ್ದ ಕಾಲದಲ್ಲಿ. ಪೂರ್ತಿ ಓಡಾಟ ಶುರುವಾದದ್ದು 2017ರ ಮಾರ್ಚ್‌ನಲ್ಲಿ. ಲೆಕ್ಕ ಹಾಕಿ, ಎಷ್ಟು ವರ್ಷ ಅಂತ. ನಮ್ಮಪ್ಪ ಪ್ರತಿ ಬಜೆಟ್ಟಿಗೂ "ಈ ವರ್ಷ ಆಗುತ್ತೆ" ಅನ್ನೋರು.

ರಾತ್ರಿ ಟ್ರೇನಿನಲ್ಲಿ ಕಿಟಕಿ ಆಚೆ ಏನೂ ಕಾಣಲ್ಲ, ಅದೊಂದು ನಷ್ಟ. ಕುಣಿಗಲ್ ಬರೋ ಹೊತ್ತಿಗೇ ಕತ್ತಲು. ತಿನ್ನೋಕೆ ಮನೆಯಿಂದ ಕಟ್ಟಿಕೊಂಡು ಹೋಗಿ. ನಾವು ಚಪಾತಿ, ಚಟ್ನಿಪುಡಿ ಇಟ್ಟುಕೊಂಡಿದ್ದೆವು. ಎದುರಿಗೆ ಕೂತಿದ್ದ ಚನ್ನರಾಯಪಟ್ಟಣದ ಅಜ್ಜಿಯೊಬ್ಬರು ನಾದಿನಿ ತಂದಿದ್ದ ಶೇಂಗಾ ಚಟ್ನಿಯ ರುಚಿ ನೋಡಿ, "ಖಾರ ಕಣವ್ವ" ಅಂತಲೇ ಮೂರು ಸಲ ಹಾಕಿಸಿಕೊಂಡರು.

ಹಾಸನದಲ್ಲಿ ಇಳಿದಾಗ ಒಂಬತ್ತು ದಾಟಿತ್ತು. ಟ್ರೇನಿನ ಭಾಗಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಕಷ್ಟ ಶುರುವಾಗೋದು ಸ್ಟೇಷನ್ ಗೇಟಿನ ಹೊರಗೆ. ಕಡಿಮೆ ದುಡ್ಡಿನ ಟ್ರಿಪ್ಪು ಅಂತ ಹೊರಟವರ ಜೇಬಿಗೆ ತೂತು ಬೀಳೋದೂ ಇಲ್ಲೇ. ಬಸ್ ಸ್ಟ್ಯಾಂಡಿನ ಹತ್ತಿರಕ್ಕೆ ಒಬ್ಬ ಆಟೋದವರು 200 ಕೇಳಿದರು. ನಾನು ಬಾಯಿ ಬಿಟ್ಟು "ಏನಣ್ಣ, ಊರೋರಿಗೂ ಹಿಂಗಾ" ಅಂದಮೇಲೆ 100ಕ್ಕೆ ಇಳಿದರು. ಹೊರಗಿನವರಿಗೆ ಈ ಸೌಲಭ್ಯ ಇಲ್ಲ, ಏನು ಮಾಡೋದು. ಹಗಲಾದರೆ ನಡೆಯಬಹುದು, ಮಹಾ ದೂರವೇನಲ್ಲ.

ಲಾಡ್ಜ್ ಬಸ್ ಸ್ಟ್ಯಾಂಡಿಗೆ ಹತ್ತಿರ, ದಿನಕ್ಕೆ 1,100. ಹೆಸರು ಬೇಡ. ಹಾಸಿಗೆ ಬಟ್ಟೆ ಒಗೆದದ್ದಿತ್ತು, ಬಾಗಿಲ ಚಿಲಕ ಗಟ್ಟಿಯಿತ್ತು. ಇಬ್ಬರು ಹೆಂಗಸರು ಹೋದಾಗ ನಾನು ಮೊದಲು ನೋಡೋದು ಆ ಚಿಲಕವನ್ನೇ. ಆದರೆ ಗೋಡೆ ಮೇಲೆ "24 ಗಂಟೆ ಬಿಸಿನೀರು" ಅಂತ ಬೋರ್ಡು ಹಾಕಿ, ಶನಿವಾರ ಸಂಜೆ ದಣಿದು ಬಂದು ಕೇಳಿದರೆ, "ಅದು ಹಳೇ ಬೋರ್ಡು ಮೇಡಂ, ಬೆಳಿಗ್ಗೆ ಆರರಿಂದ ಎಂಟು ಮಾತ್ರ" ಅಂತ ನಗುತ್ತಾ ಹೇಳಿದರು. ಕೊನೆಗೆ ಒಂದು ಬಕೆಟ್ ಕಾಯಿಸಿ ಕೊಟ್ಟರು ಅನ್ನಿ. ಒಂದು ಎಚ್ಚರಿಕೆ: ಆಶ್ವಯುಜದಲ್ಲಿ, ದೀಪಾವಳಿ ಹತ್ತಿರ ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲಿ ಈ ಲೆಕ್ಕವೆಲ್ಲ ಮರೆತುಬಿಡಿ. ವರ್ಷಕ್ಕೆ ಆ ಕೆಲವೇ ದಿನ ದರ್ಶನ. ಆಗ ಊರಿನಲ್ಲಿ ಕಾಲಿಡೋಕೆ ಜಾಗ ಇರಲ್ಲ, ರೂಮು ಎಲ್ಲಿಂದ ಸಿಗಬೇಕು.

ಲಾಡ್ಜಿನ ಕೆಳಗೇ ಟ್ಯಾಕ್ಸಿಯವರೊಬ್ಬರು ಸಿಕ್ಕಿದರು. ಬೇಲೂರು, ಹಳೇಬೀಡು ಸುತ್ತಿಸಿ ಕರೆದುಕೊಂಡು ಬರೋಕೆ 3,500. ನಮ್ಮ ಮೂರು ರಾತ್ರಿಯ ರೂಮಿಗಿಂತ ಜಾಸ್ತಿ! ಐದಾರು ಜನ ಇದ್ದು ಹಂಚಿಕೊಂಡರೆ ತಪ್ಪಿಲ್ಲ. ಇಬ್ಬರಿಗೆ ದಂಡ. ನಾವು ಬಸ್ಸು ಹತ್ತಿದೆವು. ಬಸ್ಸಿಗೆ ನಮ್ಮ ಖರ್ಚು ಎರಡು ದಿನಕ್ಕೂ ಸೇರಿ ಸೊನ್ನೆ. ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆಯಲ್ಲ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಹೆಂಗಸರಿಗೆ ಸೊನ್ನೆ ಟಿಕೆಟ್. ಗಂಡಸರು ಬಂದರೆ ಅವರ ಟಿಕೆಟ್ ದುಡ್ಡು ಇದಕ್ಕೆ ಸೇರಿಸಿಕೊಳ್ಳಿ. ಖಾಸಗಿ ಬಸ್ಸಿಗೆ ಇದು ನಡೆಯಲ್ಲ, ಗಡಿಬಿಡಿಯಲ್ಲಿ ಹತ್ತಿಬಿಟ್ಟೀರಿ.

ಶನಿವಾರ ಬೆಳಿಗ್ಗೆ ಏಳಕ್ಕೆಲ್ಲ ಬೇಲೂರಿನ ಬಸ್ಸಿನಲ್ಲಿದ್ದೆವು. ಸುಮಾರು 40 ಕಿಲೋಮೀಟರ್ ದಾರಿ. ಮಧ್ಯೆ ದೊಡ್ಡಗದ್ದವಳ್ಳಿಗೆ ತಿರುಗುವ ರಸ್ತೆ ಬರುತ್ತೆ. ಅಲ್ಲಿಯ ಲಕ್ಷ್ಮೀದೇವಿ ಗುಡಿ ಬೇಲೂರಿನದಕ್ಕಿಂತಲೂ ಸ್ವಲ್ಪ ಹಳೆಯದು. ರಾಜ ಕಟ್ಟಿಸಿದ್ದಲ್ಲ, ವ್ಯಾಪಾರಿಯೊಬ್ಬ ಹೆಂಡತಿ ಜೊತೆ ಸೇರಿ ಕಟ್ಟಿಸಿದ್ದು. ಮುಖ್ಯ ರಸ್ತೆಯಿಂದ ಒಳಗೆ ಹೋಗಬೇಕು, ಬಸ್ಸಿನ ಭರವಸೆ ಇಲ್ಲ ಅಂತ ಬಿಟ್ಟೆವು. ಸ್ವಂತ ಗಾಡಿ ಇದ್ದವರು ಬಿಡಬೇಡಿ.

ಚೆನ್ನಕೇಶವನ ಗುಡಿಗೆ ಬೆಳಿಗ್ಗೆಯೇ ಹೋಗಬೇಕು ಅನ್ನೋದಕ್ಕೆ ಬಿಸಿಲಷ್ಟೇ ಕಾರಣ ಅಲ್ಲ. ಆ ಹೊತ್ತಿನ ಓರೆ ಬೆಳಕಿನಲ್ಲಿ ಮದನಿಕೆಯರ ಬಳೆ, ಕಾಲಂದುಗೆ, ಬೆರಳಿನ ಉಗುರು ಕೂಡ ಎದ್ದು ಕಾಣುತ್ತೆ. ಮಧ್ಯಾಹ್ನವಾದರೆ ಸೂರಿನ ನೆರಳಲ್ಲಿ ಎಲ್ಲ ಒಂದೇ ಬೂದು. ಒಟ್ಟು 42 ಮದನಿಕೆಯರು, ಹೊರಗೆ 38, ಒಳಗೆ 4. ಗೈಡ್ ತಗೊಳ್ಳಬೇಕಾ ಬೇಡವಾ ಅಂತ ನಾವಿಬ್ಬರೂ ಗೇಟಿನ ಹತ್ತಿರ ಜಗಳವಾಡಿದೆವು. ನಾನು ಬೇಡ ಅಂದೆ, ಶಾಲೆಯಿಂದ ಐದು ಸಲ ಬಂದಿದ್ದೇನೆ, ನಾನೇ ಹೇಳ್ತೀನಿ ಅಂತ. ನಾದಿನಿ ಗೆದ್ದಳು, 500 ಕೊಟ್ಟೆವು. ಒಳ್ಳೆಯದೇ ಆಯಿತು. ಐದು ಸಲ ಬಂದರೂ ನನಗೆ ಗೊತ್ತಿದ್ದದ್ದು ಕನ್ನಡಿ ಹಿಡಿದ ದರ್ಪಣ ಸುಂದರಿ, ಹೊಯ್ಸಳ–ಸಿಂಹದ ಗೊಂಬೆ, ನೆಲಕ್ಕೆ ಹೂಳದೆ ನಿಂತಿರುವ ಕಂಬದ ಅಡಿಗೆ ಕಾಗದ ತೂರಿಸೋದು, ಇಷ್ಟೇ!

ಆ ಗೈಡ್ ವಯಸ್ಸಾದವರು, ಮೆತ್ತಗೆ ಮಾತು. ಅವಸರ ಮಾಡಲಿಲ್ಲ. ಇದು ಬಳಪದ ಕಲ್ಲು, ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದು ಬಿದ್ದು ಗಟ್ಟಿಯಾಗುತ್ತೆ, ಅದಕ್ಕೇ ಇಷ್ಟು ಸಣ್ಣ ಕೆಲಸ ಸಾಧ್ಯವಾಯಿತು ಅಂತ ಒಂದು ಸರದ ಮಣಿಗಳನ್ನು ತೋರಿಸಿದರು. ಆಮೇಲೆ ಮದನಿಕೆಯೊಬ್ಬಳ ಪೀಠದ ಕೆಳಗಿನ ಅಕ್ಷರ ತೋರಿಸಿದರು. ಕೆತ್ತಿದವರ ಹೆಸರು! ದಾಸೋಜ, ಅವನ ಮಗ ಚಾವಣ, ಬಳ್ಳಿಗಾವೆಯವರು. ನಮ್ಮ ಮೇಷ್ಟ್ರು ಎಲ್ಲಾ ಜಕಣಾಚಾರಿ ಅಂತಲೇ ಹೇಳಿ ಮುಗಿಸಿದ್ದರು. ಬಳ್ಳಿಗಾವೆ ಶಿಕಾರಿಪುರದ ಹತ್ತಿರ ಅಂದಕೂಡಲೇ ನಾದಿನಿ, "ಅಂದ್ರ ನಮ್ಮ ಕಡೀ ಮಂದೀನ ಅನ್ರಿ" ಅಂತ ಬೇಲೂರನ್ನೇ ಧಾರವಾಡಕ್ಕೆ ಸೇರಿಸಿಬಿಟ್ಟಳು. ಗೈಡು ನಕ್ಕರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು ಅಂತ ಪರೀಕ್ಷೆಗೆ ಬರೆದದ್ದು ನೆನಪಿತ್ತು. ಉಳಿ ಹಿಡಿದವನ ಹೆಸರನ್ನು ಬೆರಳಿಟ್ಟು ತೋರಿಸಿದ್ದು ಇವರೇ ಮೊದಲು. ಆ 500 ರೂಪಾಯಿ ಬಗ್ಗೆ ನನ್ನ ತಕರಾರಿಲ್ಲ.

ಒಂದು ಸಣ್ಣ ಸಲಹೆ, ಕಾಲುಚೀಲ ಇಟ್ಟುಕೊಳ್ಳಿ. ಚಪ್ಪಲಿ ಹೊರಗೆ ಬಿಡಬೇಕು, ಹನ್ನೊಂದರ ಮೇಲೆ ಹಾಸುಗಲ್ಲು ಕಾವಲಿ ಇದ್ದ ಹಾಗೆ ಇರುತ್ತೆ.

ಬೇಲೂರಿಂದ ಹಳೇಬೀಡು 16 ಕಿಲೋಮೀಟರ್. ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ನಿಂತುಕೊಂಡೇ ಹೋದೆವು, ಹೊಲದ ಮಧ್ಯೆ ಹೋಗುವ ದಾರಿ, ಬೇಜಾರೇನಾಗಲಿಲ್ಲ. ಹೊಯ್ಸಳೇಶ್ವರದಲ್ಲಿ ನೋಡಬೇಕಾದದ್ದು ಗೋಡೆ. ಗೋಪುರ ಇಲ್ಲ, ಬೇಕು ಅಂತಲೂ ಅನ್ನಿಸಲ್ಲ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮೇಲೆ ಮೇಲೆ ಹೋದ ಹಾಗೆ ರಾಮಾಯಣ, ಮಹಾಭಾರತ, ಮಕರ, ಹಂಸ. ಗುಡಿ ಸುತ್ತ ನಡೆದರೆ ಕಥೆ ತಾನಾಗಿ ನಡೆಯುತ್ತೆ. ಇಲ್ಲಿ ಗೈಡ್ ಇಲ್ಲದೆ ನಾವೇ ಕಥೆ ಹುಡುಕಿದೆವು, ಇದು ಭೀಷ್ಮ, ಇದು ಗಜೇಂದ್ರ ಅಂತ ಬೆಟ್ ಕಟ್ಟಿಕೊಂಡು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ಪಟ್ಟಿಗೆ ಬಂದವು. ಆದರೂ ಹಳೇಬೀಡಿಗೆ ಬಂದವರಲ್ಲಿ ಮುಕ್ಕಾಲು ಜನ ದೊಡ್ಡ ಗುಡಿ ನೋಡಿ, ನಂದಿ ಮುಂದೆ ಫೋಟೋ ಹಿಡಿದು, ಹೊರಟೇಬಿಡುತ್ತಾರೆ. ಸ್ವಲ್ಪ ದೂರದ ಬಸ್ತಿಹಳ್ಳಿಯ ಜೈನ ಬಸದಿಗಳಿಗೆ ನಡೆದುಕೊಂಡು ಹೋಗಿ. ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಎಂಥ ಹೊಳಪು ಅಂದರೆ ನಾದಿನಿ ಅದರಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು. ನಾವು ಹೋದಾಗ ಅಲ್ಲಿ ನಾವಿಬ್ಬರು ಮತ್ತು ಒಂದು ನಾಯಿ. ದಿನದ ಅತಿ ಒಳ್ಳೆಯ ಅರ್ಧ ಗಂಟೆ ಅದೇ. ಒಂದು ಕಾಲದಲ್ಲಿ ಇದು ರಾಜಧಾನಿ, 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದದ್ದು ಈ ಊರಿನ ಮೇಲೆ. ಈಗ ಕೆರೆ ಏರಿ ಮೇಲೆ ಎಮ್ಮೆ ಮೇಯುತ್ತಿದ್ದವು.

ಅಲ್ಲಿಂದ ನೇರ ಹಾಸನಕ್ಕೆ ಬಸ್ಸಿದೆ, 30 ಕಿಲೋಮೀಟರ್ ಚಿಲ್ಲರೆ. ಕತ್ತಲಾಗುವ ತನಕ ಕೂರಬೇಡಿ ಅಷ್ಟೇ. ಒಂದು ಹೋಟೆಲಿನಲ್ಲಿ ಕಾಫಿ ಕುಡಿದೆವು. ಸಕಲೇಶಪುರ, ಬೇಲೂರು, ಆಲೂರಿನಲ್ಲಿ ಕಾಫಿ ಬೆಳೆಯುವ ಜಿಲ್ಲೆ ಸ್ವಾಮಿ ನಮ್ಮದು. ಅಂಥ ಕಡೆ ಬಣ್ಣದ ನೀರು ಕೊಟ್ಟು 25 ರೂಪಾಯಿ ತಗೊಂಡರೆ ಹೊಟ್ಟೆ ಉರಿಯಲ್ವಾ? ರಾತ್ರಿ ಬೇರೆ ಕಡೆ ತಿಂದ ಅಕ್ಕಿ ರೊಟ್ಟಿ, ಎಣ್ಣೆಗಾಯಿ ಅದನ್ನು ಮರೆಸಿತು. ಜೋಳದ ರೊಟ್ಟಿಯ ಮುಂದೆ ಇದೇನೂ ಅಲ್ಲ ಅಂತ ಅಂದುಕೊಂಡೇ ನಾದಿನಿ ಮೂರು ತಿಂದಳು.

ಭಾನುವಾರ ಶ್ರವಣಬೆಳಗೊಳ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಬೇಕು. ಶ್ರವಣಬೆಳಗೊಳದಲ್ಲೇ ರೈಲ್ವೆ ಸ್ಟೇಷನ್ ಇದೆಯಲ್ಲ, ಅಲ್ಲೇ ಇಳಿಯಬಹುದಿತ್ತಲ್ಲ ಅಂತ ಕೇಳಬಹುದು. ಇಳಿಯಬಹುದು. ಆದರೆ ಮೂರು ಜಾಗಕ್ಕೂ ಹಾಸನದ ಒಂದೇ ರೂಮು ಸಾಕಾಗುತ್ತೆ, ಬ್ಯಾಗು ಹೊತ್ತು 600ಕ್ಕೂ ಜಾಸ್ತಿ ಮೆಟ್ಟಿಲು ಹತ್ತೋ ಕೆಲಸ ತಪ್ಪುತ್ತೆ. ಬರಿಗಾಲಲ್ಲೇ ಹತ್ತಬೇಕು, ಬಂಡೆಯಲ್ಲೇ ಕಡಿದ ಮೆಟ್ಟಿಲು. ಚಿಕ್ಕವಳಿದ್ದಾಗ ಓಡಿಕೊಂಡು ಹತ್ತಿದ್ದೆ. ಈ ಸಲ ನಾಲ್ಕು ಕಡೆ ಕೂತೆ. ಮೇಲೆ ಹೋಗಿ 58 ಅಡಿಯ ಬಾಹುಬಲಿ ಮುಂದೆ ನಿಂತರೆ ಏದುಸಿರು ತಾನಾಗಿ ಇಳಿಯುತ್ತೆ. 981ರಲ್ಲಿ ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ್ದು. ನನಗೆ ಮಾತ್ರ ಅಲ್ಲಿ ಹೆಚ್ಚು ಇಷ್ಟ ಗುಳ್ಳಕಾಯಜ್ಜಿ. ಚಾವುಂಡರಾಯ ಕೊಡ ಕೊಡ ಹಾಲು ಸುರಿದರೂ ಅಭಿಷೇಕ ಕೆಳಗೆ ಇಳಿಯಲಿಲ್ಲವಂತೆ, ಅಜ್ಜಿಯೊಬ್ಬಳು ಗುಳ್ಳಕಾಯಿ ಚಿಪ್ಪಿನಲ್ಲಿ ತಂದ ಹಾಲು ಪಾದ ಮುಟ್ಟಿತಂತೆ. ಆ ಅಜ್ಜಿಯ ವಿಗ್ರಹ ಅಲ್ಲೇ ಇದೆ, ಎಲ್ಲರೂ ಬೆನ್ನು ಹಾಕಿ ಬಾಹುಬಲಿ ಫೋಟೋ ತೆಗೆಯುತ್ತಿರುತ್ತಾರೆ. ತಿರುಗಿ ಒಮ್ಮೆ ನೋಡಿ.

ಎದುರಿನ ಚಂದ್ರಗಿರಿಯನ್ನು ಬಿಡಬೇಡಿ ಅನ್ನಬೇಕು, ಆದರೆ ನಾವೇ ಬಿಟ್ಟೆವು. ಮೊಣಕಾಲು ಒಪ್ಪಲಿಲ್ಲ. ಕಲ್ಯಾಣಿ ಪಕ್ಕ ಎಳನೀರು ಕುಡಿದು ವಾಪಸ್.

ಸೋಮವಾರ ಬೆಳಿಗ್ಗೆ ನಮ್ಮದೇ ತಪ್ಪು. ಆರೂಕಾಲಿಗೆ ಸ್ಟೇಷನ್ನಿಗೆ ಹೋದೆವು, ಜನರಲ್ ಬೋಗಿಯಲ್ಲಿ ಸೀಟೆಲ್ಲ ಭರ್ತಿ. ಟಿಫಿನ್ ಡಬ್ಬಿ, ಲ್ಯಾಪ್‌ಟಾಪ್ ಬ್ಯಾಗು, ಫೈಲು ಹಿಡಿದವರು, ಆಸ್ಪತ್ರೆಗೆ ಹೊರಟವರು. "ಸೋಮವಾರ ಬರೋರು ಇನ್ನೂ ಬೇಗ ಬರ್ಬೇಕಮ್ಮ" ಅಂತ ಒಬ್ಬರು ಬೈದು, ಬೈದಮೇಲೆ ಸರಿದು ಅರ್ಧ ಸೀಟು ಕೊಟ್ಟರು. ಅದರಲ್ಲಿ ನಾವಿಬ್ಬರೂ ಸರದಿ ಪ್ರಕಾರ ಕೂತೆವು. ಸೋಮವಾರಕ್ಕೆ ಮಾತ್ರ ಮೊದಲೇ ರಿಸರ್ವ್ ಮಾಡಿಸಿ, ಹತ್ತಿಪ್ಪತ್ತು ರೂಪಾಯಿ ಉಳಿಸೋಕೆ ಹೋಗಬೇಡಿ. ನಿಂತಿದ್ದಕ್ಕೆ ಒಂದು ಲಾಭವೂ ಆಯಿತು. ಹೋಗುವಾಗ ಕಾಣದಿದ್ದ ಚನ್ನರಾಯಪಟ್ಟಣದ ತೆಂಗಿನ ತೋಟ, ಕುಣಿಗಲ್ ಕಡೆಯ ಹೊಲ ಎಲ್ಲ ಕಿಟಕಿಯಲ್ಲಿ ಕಂಡವು.

ದುಡ್ಡಿನ ಲೆಕ್ಕ ಕೇಳುವವರಿಗೆ: ರೂಮಿಗೆ 3,300, ಊಟ ತಿಂಡಿಗೆ 1,700, ಆಟೋಗಳಿಗೆ 540, ಗೈಡಿಗೆ 500, ಟ್ರೇನಿಗೆ ಇಬ್ಬರಿಗೂ ಹೋಗಿ ಬರೋಕೆ 400ರ ಒಳಗೆ. ಇಡೀ ಟ್ರಿಪ್ಪಿನಲ್ಲಿ ಟ್ರೇನಿಗಿಂತ ಆಟೋಗೆ ಜಾಸ್ತಿ ಕೊಟ್ಟಿದ್ದೇವೆ, ಗಮನಿಸಿ.

ಒಂಬತ್ತೂಮುಕ್ಕಾಲಿಗೆ ಆಫೀಸಿನಲ್ಲಿದ್ದೆ. ನಾದಿನಿ ಮನೆಗೆ ಹೋಗಿ ಮಲಗಿ, ಮಧ್ಯಾಹ್ನ ಎದ್ದವಳೇ ಮೆಸೇಜ್ ಹಾಕಿದ್ದಳು, ಸಕಲೇಶಪುರದ ಮುಂದಿನ ಘಾಟಿ ಯಾವಾಗ ಅಂತ. ಸುಬ್ರಹ್ಮಣ್ಯ ರೋಡ್ ತನಕ 55 ಕಿಲೋಮೀಟರಿನಲ್ಲಿ 57 ಸುರಂಗ ಇವೆ ಅಂತ ನಾನೇ ಟ್ರೇನಿನಲ್ಲಿ ಬಾಯಿ ಬಿಟ್ಟಿದ್ದೆ. ಅದಕ್ಕೆ ಏಳು ಗಂಟೆಯ ಹಗಲು ಟ್ರೇನೇ ಆಗಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚೋದುಂಟು, 2024ರ ಜುಲೈನಲ್ಲಿ ಹಾಗೇ ಆಗಿತ್ತು. ದೀಪಾವಳಿ ಗಲಾಟೆ ಮುಗೀಲಿ, ಆಮೇಲೆ ನೋಡೋಣ ಅಂದಿದ್ದೇನೆ. ಅಷ್ಟರೊಳಗೆ ಶೇಂಗಾ ಚಟ್ನಿ ಇನ್ನೊಂದು ಡಬ್ಬಿ ಮಾಡಿಡು ಅಂತಲೂ ಹೇಳಿದ್ದೇನೆ.